ಸವೆಯಲೆಂದೇ ಇರುವ ಪದರ

ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳನ್ನು ಹಾದು ಹೊಸಕೋಟೆಗೆ ಬರುವ ರಸ್ತೆಗೆ ಮೊದಲು ರಾಷ್ಟ್ರೀಯ ಹೆದ್ದಾರಿ 207 ಎಂಬ ಹೆಸರಿತ್ತು. ಆಮೇಲೆ ಅದರ ಸಂಖ್ಯೆ 648 ಆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ರಸ್ತೆಗಳಿಗೆ ಕೆಲಸ ಹೆಚ್ಚಾಯಿತು. 2024ರ ಮಾರ್ಚ್‌ನಲ್ಲಿ ಇದೇ ದಿಕ್ಕಿನಲ್ಲಿ ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ದಾಬಸ್‌ಪೇಟೆ–ಹೊಸಕೋಟೆ ಭಾಗ ಉದ್ಘಾಟನೆಯಾದ ಮೇಲೆ ಸೂಲಿಬೆಲೆಯ ಪಕ್ಕದಲ್ಲಿ ಗಾಡಿಗಳು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವುದು ಸಾಮಾನ್ಯವಾಗಿದೆ. ಜಲ್ಲಿ, ಎಂ ಸ್ಯಾಂಡ್ ಹೊತ್ತ ಟಿಪ್ಪರ್‌ಗಳೂ ಅದೇ ರಸ್ತೆಯಲ್ಲಿವೆ, ಲಕ್ಷಗಟ್ಟಲೆ ಕೊಟ್ಟು ತಂದ ಹೊಸ ಕಾರುಗಳೂ ಇವೆ. ಟಿಪ್ಪರ್‌ನಿಂದ ಉದುರಿದ ಜಲ್ಲಿಯ ಚೂರು ಮುಂದಿನ ಚಕ್ರಕ್ಕೆ ಸಿಕ್ಕಿ ಚಿಮ್ಮಿದರೆ, ಹಿಂದೆ ಬರುವ ಕಾರಿನ ಬಾನೆಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಬಣ್ಣ ಎದ್ದುಹೋಗುತ್ತದೆ.

ಇಷ್ಟು ಚಿಕ್ಕ ಗಾಯ ಆಗದಂತೆ ತಡೆಯಲು ಈಗ ಒಂದು ದೊಡ್ಡ ವ್ಯಾಪಾರವೇ ಬೆಳೆದಿದೆ. ಹೊಸ ಕಾರು ಮನೆಗೆ ಬರುವ ಮೊದಲೇ ಅದರ ಮೈಗೆಲ್ಲ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಅಂಗಡಿಯವರು ಇದನ್ನು ಪಿಪಿಎಫ್ ಎನ್ನುತ್ತಾರೆ. ಒಳ್ಳೆಯ ಹಾಳೆಯನ್ನು ಇಡೀ ಕಾರಿಗೆ ಹಾಕಿಸಲು ಲಕ್ಷ ರೂಪಾಯಿಯ ಆಸುಪಾಸು, ದೊಡ್ಡ ಗಾಡಿಯಾದರೆ ಅದಕ್ಕಿಂತ ಬಹಳ ಹೆಚ್ಚು ಆಗುತ್ತದೆ. ಹಾಕಿಸಿದ ಮೇಲೆ ಅದು ಕಣ್ಣಿಗೆ ಕಾಣಬಾರದು. ಕಂಡರೆ ಕೆಲಸ ಕೆಟ್ಟಿದೆ ಎಂದರ್ಥ.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ನಮ್ಮ ರಸ್ತೆಗಳಲ್ಲಿ ಕಲ್ಲು ಯಾವತ್ತು ಇರಲಿಲ್ಲ? ಐವತ್ತು ವರ್ಷದ ಹಿಂದೆ ಇದೇ ಹೊಸಕೋಟೆ ತಾಲ್ಲೂಕಿನ ಬಹುಪಾಲು ದಾರಿಗಳು ಮಣ್ಣು, ಗರಸು, ಕಲ್ಲುಗಳಲ್ಲೇ ಇದ್ದವು. ಆಗಿನ ಅಂಬಾಸಿಡರ್‌ಗೆ ಎರಡನೆಯ ಚರ್ಮ ಬೇಕಾಗಲಿಲ್ಲ. ಈಗಿನ ಕಾರಿಗೆ ಯಾಕೆ ಬೇಕಾಯಿತು? ರಸ್ತೆ ಕೆಟ್ಟದ್ದರಿಂದ ಎನ್ನುವಂತಿಲ್ಲ, ರಸ್ತೆ ಆಗಿಗಿಂತ ಚೆನ್ನಾಗಿದೆ. ವೇಗ ಹೆಚ್ಚಿದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬಣ್ಣದ ಒಳಗೇ ಇದೆ. ಅದು ತಿಳಿಯಬೇಕಾದರೆ ನಾವು ವಸ್ತುಗಳ ಮೇಲೆ ಹಚ್ಚುತ್ತಾ ಬಂದ ಪದರಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಒಂದು ವಸ್ತುವನ್ನು ಉಳಿಸಲು ಅದರ ಮೇಲೆ ಇನ್ನೊಂದನ್ನು ಸವೆಯಲು ಬಿಡುವುದು ನಮ್ಮ ಮನೆಗಳಿಗೆ ಗೊತ್ತಿದ್ದ ವಿದ್ಯೆ. ಹಿತ್ತಾಳೆ ಪಾತ್ರೆಯ ಒಳಮೈಗೆ ಹಾಕಿಸುತ್ತಿದ್ದ ಕಲಾಯಿ ಅಂಥದ್ದು. ಹುಳಿಗೆ ಹಿತ್ತಾಳೆ ಸೋಕಬಾರದು, ಅದಕ್ಕೆ ತವರದ ತೆಳು ಲೇಪ. ತಿಕ್ಕಿ ತಿಕ್ಕಿ ಅದು ಸವೆದು ಒಳಗಿನ ಹಳದಿ ಇಣುಕಿದಾಗ ಕಲಾಯಿಯವನು ಬೀದಿಗೆ ಬರುವುದನ್ನು ಕಾಯುತ್ತಿದ್ದರು. ಮಣ್ಣಿನ ನೆಲಕ್ಕೆ ಸಗಣಿ ಸಾರಿಸುವುದು, ಗೋಡೆಗೆ ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವುದು, ಬಾಗಿಲಿನ ಮರಕ್ಕೆ ಎಣ್ಣೆ ಸವರುವುದು, ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಿಡುವುದು, ಇವೆಲ್ಲ ಒಂದೇ ತಿಳಿವಳಿಕೆಯ ಬೇರೆಬೇರೆ ರೂಪಗಳು. ಮೇಲಿನದು ಹೋಗುತ್ತದೆ, ಮತ್ತೆ ಹಾಕಬೇಕು. ಹೋದದ್ದಕ್ಕೆ ಯಾರೂ ದುಃಖಪಡುತ್ತಿರಲಿಲ್ಲ. ಹೋಗುವುದೇ ಅದರ ಕೆಲಸವಾಗಿತ್ತು.

ಈ ಪದರಗಳಲ್ಲಿ ಹೊಳಪನ್ನೂ ರಕ್ಷಣೆಯನ್ನೂ ಒಟ್ಟಿಗೆ ಕೊಡುತ್ತಿದ್ದದ್ದು ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆಯಿಂದ ಅರಗು ಬೇಗ ಉರಿಯುತ್ತದೆ, ಕರಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಮರದ ಎಳೆ ಕೊಂಬೆಗಳ ಮೇಲೆ ಗುಂಪುಗೂಡಿ ರಸ ಹೀರುವ ಪುಟ್ಟ ಹುಳುಗಳು ತಮ್ಮನ್ನು ಕಾಪಾಡಿಕೊಳ್ಳಲು ಸ್ರವಿಸುವ ಅಂಟೇ ಅರಗು. ಅಂದರೆ ಅದು ಹುಟ್ಟುವುದೇ ಒಂದು ಜೀವದ ಹೊದಿಕೆಯಾಗಿ. ಉತ್ತರದಲ್ಲಿ ಮುತ್ತುಗದ ಮೇಲೆ ಅರಗು ಬೆಳೆಸಿದರೆ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಅರಗಿಗೆ ಹೆಸರಾದದ್ದು ಜಾಲಾರಿ ಮರ. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಮಹ್ದಿ ಹಸನ್ ಎಂಬ ವಿದ್ವಾಂಸರು ಈ ಹುಳುಗಳ ಮೇಲೆ ಕೆಲಸ ಮಾಡಿದರು. ಅವರು ಗುರುತಿಸಿದ ಒಂದು ಪ್ರಭೇದದ ವೈಜ್ಞಾನಿಕ ಹೆಸರಿನಲ್ಲಿ 'ಮೈಸೊರೆನ್ಸಿಸ್' ಎಂಬ ಪದ ಇವತ್ತಿಗೂ ಉಳಿದಿದೆ. ಇಂಗ್ಲಿಷಿನ 'ಲ್ಯಾಕರ್' ಎಂಬ ಮಾತಿನ ಬೇರು ಕೂಡ ಸಂಸ್ಕೃತದ 'ಲಾಕ್ಷಾ'ಕ್ಕೆ ಹೋಗುತ್ತದೆ. ಜಗತ್ತಿನ ಕಾರು ಕಾರ್ಖಾನೆಗಳು ಮುಂದೆ ಆ ಮಾತನ್ನು ಬಳಸುವಾಗ ಅದರೊಳಗೆ ನಮ್ಮ ಕಡೆಯ ಹುಳುವೊಂದು ಅಡಗಿತ್ತು.

ಅರಗಿನ ಗುಣವನ್ನು ನೋಡಬೇಕಾದರೆ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿ ಹಾಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿದರೆ ಕನ್ನಡಿಯಂಥ ಹೊಳಪು. ಬೆಂಕಿಯಿಲ್ಲ, ಕುಂಚವಿಲ್ಲ. ಹೊಳಪು ಮಾಸಿದರೆ ಅದೇ ತಿರುಗಣಿಗೆ ಮತ್ತೆ ಕೊಡಬಹುದು. ಬಿಸಿಗೆ ಹಳೆಯ ಅರಗು ಮೆದುವಾಗಿ ಹೊಸ ಅರಗಿನ ಜೊತೆ ಸೇರಿಕೊಳ್ಳುತ್ತದೆ. ಮರದ ಸಾಮಾನಿಗೆ ಹಚ್ಚುವ ಅರಗಿನ ಪಾಲಿಶ್ ಕೂಡ ಹೀಗೆಯೇ. ಸ್ಪಿರಿಟ್ಟಿನಲ್ಲಿ ಕರಗಿಸಿದ ಹೊಸ ಕೈ ಹಳೆಯ ಕೈಯನ್ನು ಸ್ವಲ್ಪ ಕರಗಿಸಿ ಅದರಲ್ಲಿ ಬೆರೆಯುತ್ತದೆ, ತೇಪೆ ಕಾಣುವುದಿಲ್ಲ. ಇದನ್ನು ನೆನಪಿಡಬೇಕು. ಕಾರಿನ ಬಣ್ಣದ ಮುಂದಿನ ಕಥೆ ಇದರ ಸುತ್ತಲೇ ಇದೆ.

ಮೈಸೂರು ಸಂಸ್ಥಾನ ಈ ಅರಗನ್ನು ಕೈಗಾರಿಕೆಯಾಗಿಸಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಹುಟ್ಟಿತು. ಕಾಡಿನ ಅರಗಿಗೆ ಮಾರುಕಟ್ಟೆ ಒದಗಿಸಿ, ಬಣ್ಣ, ಮೆರುಗೆಣ್ಣೆ, ಮುದ್ರೆಯ ಅರಗು ಮಾಡುವುದು ಅದರ ಕೆಲಸ. ವಾರ್ನಿಷ್‌ಗೆ ಕನ್ನಡದಲ್ಲಿ 'ಮೆರುಗೆಣ್ಣೆ' ಎಂಬ ಎಷ್ಟು ಚೆಂದದ ಮಾತಿದೆ ನೋಡಿ: ಮೆರುಗು ಕೊಡುವ ಎಣ್ಣೆ. ಆ ಕಾರ್ಖಾನೆ 1947ರಲ್ಲಿ ಪಬ್ಲಿಕ್ ಲಿಮಿಟೆಡ್ ಕಂಪನಿಯಾಯಿತು, 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ದೇಶಕ್ಕೆಲ್ಲ ಪರಿಚಿತವಾಯಿತು, 1989ರಲ್ಲಿ 'ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್' ಎಂಬ ಹೆಸರು ಪಡೆಯಿತು. ಕರಗುವ ಅರಗಿನಿಂದ ಶುರುವಾದ ಸಂಸ್ಥೆ ಅಳಿಸಲಾಗದ ಶಾಯಿಗೆ ಹೆಸರಾದದ್ದು ಇಪ್ಪತ್ತನೆಯ ಶತಮಾನ ನಡೆದ ದಾರಿಯನ್ನು ತಾನಾಗಿಯೇ ಹೇಳುತ್ತದೆ.

ಕಾರಿನ ಬಣ್ಣವೂ ಅದೇ ದಾರಿಯಲ್ಲಿ ನಡೆಯಿತು. ಮೊದಲ ಕಾರುಗಳು ಕುದುರೆ ಸಾರೋಟಿನ ಮಕ್ಕಳು. ಅವಕ್ಕೆ ಸಾರೋಟಿನ ಹಾಗೆಯೇ ಅಗಸೆ ಎಣ್ಣೆ ಮತ್ತು ಮರದ ಅಂಟಿನ ಮೆರುಗೆಣ್ಣೆಯನ್ನು ಕುಂಚದಿಂದ ಹಚ್ಚುತ್ತಿದ್ದರು. ಒಂದು ಕೈ ಒಣಗಿ ಉಜ್ಜಿ ಇನ್ನೊಂದು ಕೈ ಹಚ್ಚುವ ಹೊತ್ತಿಗೆ ದಿನಗಳು ಕಳೆಯುತ್ತಿದ್ದವು. ಕಾರೊಂದರ ಬಣ್ಣ ಮುಗಿಯಲು ವಾರಗಳು ಬೇಕಾಗುತ್ತಿದ್ದವು. 1923ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ 'ಡ್ಯೂಕೊ' ಎಂಬ ಬಣ್ಣವನ್ನು ತಂದವು. ಸಿಂಪಡಿಸಿದರೆ ಗಂಟೆಗಳಲ್ಲಿ ಒಣಗುತ್ತಿತ್ತು. ನಮ್ಮ ಬಡಗಿಗಳೂ ಗ್ಯಾರೇಜಿನವರೂ ಮಿಷನ್ನಿನಲ್ಲಿ ಸಿಂಪಡಿಸಿದ ಹೊಳಪಿನ ಬಣ್ಣಕ್ಕೆ ಈಗಲೂ 'ಡ್ಯೂಕೊ ಪೇಂಟ್' ಎನ್ನುವುದು ಆ ಕಾಲದ ಗುರುತು. ಕಂಪನಿಯ ಹೆಸರು ಮರೆತು ವಿಧಾನದ ಹೆಸರಾಗಿ ಉಳಿದಿದೆ.

ಡ್ಯೂಕೊದಲ್ಲಿ ಅರಗು ಇರಲಿಲ್ಲ, ಆದರೆ ಅರಗಿನ ಗುಣ ಇತ್ತು. ಒಣಗಿದ ಮೇಲೂ ಥಿನ್ನರಿಗೆ ಅದು ಕರಗುತ್ತಿತ್ತು. ಹಾಗಾಗಿ ಹಳೆಯ ಬಣ್ಣದ ಮೇಲೆ ಹೊಸದು ಸೇರಿಕೊಳ್ಳುತ್ತಿತ್ತು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್‌ನ ಹೆಚ್ಚಿನ ಆಯಸ್ಸು ಇಂಥ ದುರಸ್ತಿಯ ಲೋಕದಲ್ಲೇ ಕಳೆಯಿತು. ತಗಡು ನೆಗ್ಗಿದರೆ ಟಿಂಕರಿಂಗ್ ಮಾಡುವವರು ಮರದ ಸುತ್ತಿಗೆಯಿಂದ ಬಡಿದು ಎತ್ತುತ್ತಿದ್ದರು. ಪುಟ್ಟಿ ತುಂಬಿ, ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ಕಣ್ಣಳತೆಯಲ್ಲೇ ಬಣ್ಣ ಕೂಡಿಸಿ ಸಿಂಪಡಿಸುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಗಾಡಿಗೆ 'ಫುಲ್ ಪೇಂಟ್' ಮಾಡಿಸುವುದು ಮನೆಗೆ ಸುಣ್ಣ ಬಳಿಸಿದಷ್ಟೇ ಸಹಜ. ಹೊಸ ಬಣ್ಣ ಹೊಡೆಸಿದ ಕಾರು ಎಂದರೆ ಯಜಮಾನ ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ ಎಂಬ ಹೊಗಳಿಕೆಯಿತ್ತು.

ಈ ಮಾತು ಈಗ ತಿರುಗಿಬಿದ್ದಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಗಳಲ್ಲಿ 'ಒರಿಜಿನಲ್ ಪೇಂಟಾ?' ಎಂಬುದೂ ಒಂದು. ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರವನ್ನು ಬಾಗಿಲಿಗೆ ಒತ್ತಿ ಹಿಡಿದು ನೋಡುತ್ತಾರೆ. ಒಂದು ಕಡೆ ದಪ್ಪ ಜಾಸ್ತಿ ಬಂದರೆ 'ಗಾಡಿಗೆ ಏಟು ಬಿದ್ದಿದೆ' ಎಂದು ಬೆಲೆ ಇಳಿಯುತ್ತದೆ. ದುರಸ್ತಿ ಆರೈಕೆಯ ಸಾಕ್ಷಿಯಾಗಿದ್ದದ್ದು ಈಗ ಗುಟ್ಟಿನ ಸಾಕ್ಷಿಯಾಯಿತು.

ಇದಕ್ಕೆ ಕಾರಣ ಕೊಳ್ಳುವವರ ಅನುಮಾನ ಮಾತ್ರವಲ್ಲ. ಬಣ್ಣದ ಸ್ವಭಾವವೇ ಬದಲಾಗಿತ್ತು. 1980ರ ದಶಕದಿಂದ ಜಗತ್ತಿನ ಕಾರ್ಖಾನೆಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರ ಹಾಕುವುದು ವಾಡಿಕೆಯಾಯಿತು. ಅದೇ ಕ್ಲಿಯರ್ ಕೋಟ್. ಈಗಿನ ಕಾರಿನ ಬಣ್ಣದಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳು: ತುಕ್ಕು ತಡೆಯಲು ವಿದ್ಯುತ್ತಿನಿಂದ ಹತ್ತಿಸಿದ ತಳಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಸೀಟು, ವೈರು, ಪ್ಲಾಸ್ಟಿಕ್ಕು ಯಾವುದನ್ನೂ ಜೋಡಿಸದ ಬರಿಯ ತಗಡಿನ ಮೈಯನ್ನು ದೊಡ್ಡ ಒಲೆಯೊಳಗೆ ಕಳಿಸಿ, ಮೇಲಿನ ಪದರವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಬೆಂದ ಪದರದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಅದು ಇನ್ನು ಥಿನ್ನರಿಗೆ ಕರಗುವುದಿಲ್ಲ, ಬಿಸಿಗೆ ಕರಗಿ ಹರಿಯುವುದೂ ಇಲ್ಲ.

ಬಿಸಿಲು, ಮಳೆ, ಪೆಟ್ರೋಲು ಎಲ್ಲವನ್ನೂ ತಾಳುವ ಬಣ್ಣ ಇದು. ಹಳೆಯ ಬಣ್ಣಗಳಿಗಿಂತ ಎಷ್ಟೋ ಗಟ್ಟಿ. ಆದರೆ ಒಮ್ಮೆ ಕಾರು ಪೂರ್ತಿಯಾದ ಮೇಲೆ ಅದನ್ನು ಮತ್ತೆ 140 ಡಿಗ್ರಿಯ ಒಲೆಗೆ ಹಾಕುವಂತಿಲ್ಲ, ಒಳಗಿನ ಪ್ಲಾಸ್ಟಿಕ್ಕು, ವೈರು ಉಳಿಯುವುದಿಲ್ಲ. ವರ್ಕ್‌ಶಾಪಿನಲ್ಲಿ ಬೇರೆಯದೇ ರಾಸಾಯನಿಕ ಬೆರೆಸಿದ ಬಣ್ಣ ಹೊಡೆದು 60 ಡಿಗ್ರಿಯ ಸುಮಾರಿನಲ್ಲಿ ಒಣಗಿಸುತ್ತಾರೆ. ಒಳ್ಳೆಯ ಕೆಲಸಗಾರರು ಅದನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೂ ಅದು ಕಾರ್ಖಾನೆಯ ಬಣ್ಣ ಅಲ್ಲ, ಹಳೆಯದರಲ್ಲಿ ಬೆರೆಯುವುದೂ ಇಲ್ಲ. ಹಳೆಯದರ ಮೇಲೆ ಕೂರುತ್ತದೆ ಅಷ್ಟೆ. ಸೂಲಿಬೆಲೆಯ ರಸ್ತೆಯ ಜಲ್ಲಿ ಚೂರು ಈಗಿನ ಕಾರಿಗೆ ದುಬಾರಿಯಾಗುವುದು ಇಲ್ಲಿ. ಬಣ್ಣ ಗಟ್ಟಿಯಾದಷ್ಟೂ ಅದನ್ನು ಮೊದಲಿನ ಹಾಗೆ ಮಾಡುವುದು ಕಷ್ಟವಾಯಿತು. ಮತ್ತೆ ಮಾಡಲಾಗದ್ದನ್ನು ಮುಟ್ಟದಂತೆ ಕಾಯಬೇಕಾಯಿತು.

ಆ ಕಾವಲಿನ ಹಾಳೆಗೂ ಒಂದು ಚರಿತ್ರೆಯಿದೆ. ಮೈಸೂರಿನಲ್ಲಿ ಅರಗಿನ ಕಾರ್ಖಾನೆ ಹುಟ್ಟಿದ 1937ರಲ್ಲೇ, ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಆಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ಪಾಲಿಯುರೆಥೇನ್ ಎಂಬ ವಸ್ತುವನ್ನು ಕಂಡುಹಿಡಿದರು. ಇಸವಿ ಒಂದೇ ಆದದ್ದು ಬರಿಯ ಕಾಕತಾಳೀಯ. ಆದರೆ ಹುಳು ಕೊಟ್ಟ ಹೊದಿಕೆಯೂ ಕಲ್ಲೆಣ್ಣೆಯಿಂದ ಬರಲಿದ್ದ ಹೊದಿಕೆಯೂ ಒಂದೇ ವರ್ಷದಲ್ಲಿ ಎರಡು ಊರುಗಳಲ್ಲಿ ದಾಖಲೆಗೆ ಬಂದವು ಎಂಬುದು ನೆನಪಿಟ್ಟುಕೊಳ್ಳಲು ಅನುಕೂಲ. ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ, ಆದರೆ ರಬ್ಬರಿಗಿಂತ ಸವೆತ ತಡೆಯುವ ಈ ವಸ್ತು ಹಾಳೆಯ ರೂಪದಲ್ಲಿ ಯುದ್ಧಕ್ಕೆ ಹೋಯಿತು. 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದ ಹೆಲಿಕಾಪ್ಟರುಗಳು ಇಳಿಯುವಾಗ ಏಳುತ್ತಿದ್ದ ಮರಳು, ಕಲ್ಲಿನ ಚೂರುಗಳು ಅವುಗಳ ರೆಕ್ಕೆಗಳ ಅಂಚನ್ನು ತಿಂದುಹಾಕುತ್ತಿದ್ದವು. 3ಎಂ ಕಂಪನಿ ಅದನ್ನು ತಡೆಯಲು ಪಾಲಿಯುರೆಥೇನ್ ಪಟ್ಟಿ ಒದಗಿಸಿತು. ಗಾಡಿಯವರು ಬಹುಕಾಲ ಇದನ್ನು 'ಹೆಲಿಕಾಪ್ಟರ್ ಟೇಪ್' ಎಂದೇ ಕರೆದರು. ಯುದ್ಧದ ಮೇಲೆ ಅದು ರೇಸಿನ ಕಾರುಗಳ ಮೂತಿಗೆ ಬಂತು, 1990ರ ದಶಕದಲ್ಲಿ ಸಾಮಾನ್ಯ ಕಾರುಗಳಿಗೆ ಬಂತು. ಮೊದಮೊದಲ ಹಾಳೆಗಳು ಬಿಸಿಲಿಗೆ ಹಳದಿಯಾಗುತ್ತಿದ್ದವು. ಬಿಸಿಲನ್ನು ತಾಳುವ ಬಗೆಯ ಪಾಲಿಯುರೆಥೇನ್ ಬಂದ ಮೇಲೆ ಅದು ತಗ್ಗಿತು. 2010ರ ಈಚೆಗೆ ಸಣ್ಣ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವೇ ಕೂಡಿಕೊಳ್ಳುವ ಮೇಲ್ಪದರವೂ ಬಂತು.

ಈಗಿನ ಒಳ್ಳೆಯ ಹಾಳೆಯ ದಪ್ಪ 150ರಿಂದ 200 ಮೈಕ್ರಾನ್. ಒಳಗಿರುವ ಬಣ್ಣದ ನಾಲ್ಕು ಪದರಗಳನ್ನು ಸೇರಿಸಿದರೂ ಅಷ್ಟು ಆಗುವುದಿಲ್ಲ. ಕಾಪಾಡಬೇಕಾದ ವಸ್ತುವಿಗಿಂತ ಕಾಪಾಡುವ ವಸ್ತು ದಪ್ಪ! ಹಾಕುವ ಕೆಲಸ ಮಾತ್ರ ಇನ್ನೂ ಕೈಯದೇ. ಕಾರನ್ನು ತೊಳೆದು, ಹತ್ತಿರುವ ಡಾಂಬರು, ಕಬ್ಬಿಣದ ಧೂಳು ತೆಗೆದು, ಸೋಪು ಬೆರೆಸಿದ ನೀರು ಸಿಂಪಡಿಸಿ ಹಾಳೆಯನ್ನು ತೇಲಿಸುತ್ತಾರೆ. ಜಾಗಕ್ಕೆ ಸರಿಯಾಗಿ ಕೂತ ಮೇಲೆ ರಬ್ಬರಿನ ತುಂಡಿನಿಂದ ನೀರನ್ನು ಅಂಚಿಗೆ ತೀಡಿ ಹೊರಹಾಕುತ್ತಾರೆ. ತಾಳೆಗರಿ ಹಿಡಿದ ಚನ್ನಪಟ್ಟಣದ ಕೈಗೂ ರಬ್ಬರು ಹಿಡಿದ ಈ ಕೈಗೂ ಒಂದು ನಂಟಿದೆ. ಎರಡಕ್ಕೂ ಗುಳ್ಳೆ ಏಳಬಾರದು, ಎರಡಕ್ಕೂ ಅವಸರ ಆಗದು. ಧೂಳಿನ ಒಂದು ಕಣ ಒಳಗೆ ಸಿಕ್ಕರೂ ಅದು ಹಾಳೆ ಇರುವ ತನಕ ಇರುತ್ತದೆ.

ಹೀಗೆ ನೋಡಿದರೆ ಪಿಪಿಎಫ್ ಹೊಸ ಹುಚ್ಚು ಎಂದು ನಕ್ಕು ಬಿಡುವಂಥದ್ದಲ್ಲ. ಕರಗದ, ಬಿಚ್ಚಲಾಗದ ಬಣ್ಣವನ್ನು ಮಾಡಿಕೊಂಡ ಮೇಲೆ, ಅದರ ಮೇಲೆ ಬಿಚ್ಚಬಹುದಾದ ಒಂದು ಪದರವನ್ನು ನಾವು ಮತ್ತೆ ಹುಡುಕಿಕೊಂಡೆವು. ಏಟು ತಿಂದು, ಮಾಸಿ, ಕೆಲವು ವರ್ಷದ ಮೇಲೆ ಕಿತ್ತು ಎಸೆಯಲೆಂದೇ ಅದು ಇದೆ. ಕಲಾಯಿಯ ತತ್ವವೇ ಸುತ್ತು ಬಳಸಿ ಬಂದಿದೆ. ಆದರೆ ಮೂರು ವ್ಯತ್ಯಾಸಗಳನ್ನು ಚರಿತ್ರೆಯ ಕಣ್ಣಿಗೆ ಕಾಣದಂತೆ ಬಿಡಬಾರದು.

ಒಂದು, ಕಲಾಯಿ ಸವೆದಾಗ ಊರಿನ ಬೀದಿಯಲ್ಲೇ ಅದನ್ನು ಮತ್ತೆ ಹಾಕಬಹುದಿತ್ತು. ಪಿಪಿಎಫ್‌ಗೆ ತೇಪೆ ಇಲ್ಲ. ಹಾಳಾದ ಭಾಗದ ಹಾಳೆ ಪೂರ್ತಿ ಹೋಗಬೇಕು, ಹೊಸ ರೋಲಿನಿಂದ ಕತ್ತರಿಸಬೇಕು. ಕಿತ್ತ ಹಾಳೆ ಅಂಟಿನ ಸಮೇತ ಕಸವಾಗುತ್ತದೆ. ಎರಡು, ಜಾಲಾರಿಯ ಅರಗು ಕಾಡಂಚಿನ ಜನರ ಕೈಯಿಂದ ಬರುತ್ತಿತ್ತು, ಅದಕ್ಕೆ ಮರ ನಿಂತಿರಬೇಕಿತ್ತು. ಹಾಳೆಗೆ ಆ ಹಂಗಿಲ್ಲ. ಮೂರು, ಮತ್ತು ಮುಖ್ಯವಾದದ್ದು: ಹಳೆಯ ಪದರಗಳು ಉಪಯೋಗದಿಂದ ಬರುವ ಸವೆತವನ್ನು ತಡೆಯುತ್ತಿದ್ದವು. ಈ ಹಾಳೆ ಹೆಚ್ಚಾಗಿ ತಡೆಯುವುದು ಬೇರೆಯವರು ಉದುರಿಸಿದ ಕಲ್ಲನ್ನು.

ಪಾರದರ್ಶಕವಾದ ಹಾಳೆಯ ವಿಷಯದಲ್ಲಿ ನಮ್ಮ ಕಾನೂನು ಒಮ್ಮೆ ಗಟ್ಟಿಯಾಗಿ ಮಾತಾಡಿತ್ತು. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜುಗಳಿಗೆ ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಕಪ್ಪು ಹಾಳೆಯ ಹಿಂದೆ ಅಡಗಿ ನಡೆಯುವ ಅಪರಾಧಗಳ ಕಾಳಜಿ ಅದರ ಹಿಂದಿತ್ತು. ಒಬ್ಬರ ಕಾರಿನ ಹಾಳೆ ರಸ್ತೆಯ ಎಲ್ಲರ ವಿಷಯ ಎಂದು ಕೋರ್ಟು ಭಾವಿಸಿತು. ಬಣ್ಣದ ಮೇಲಿನ ತಿಳಿ ಹಾಳೆ ಏನನ್ನೂ ಮರೆಮಾಡುವುದಿಲ್ಲ, ಕಾರಿನ ಬಣ್ಣವನ್ನೂ ಬದಲಿಸುವುದಿಲ್ಲ, ಹಾಗಾಗಿ ಆ ಚರ್ಚೆಗೆ ಅದು ಬರಲಿಲ್ಲ. ಆದರೆ ಅದು ಯಾಕೆ ಬೇಕಾಯಿತು ಎಂಬ ಪ್ರಶ್ನೆ ಮಾತ್ರ ರಸ್ತೆಯ ಎಲ್ಲರದೂ ಹೌದು.

ಯಾಕೆಂದರೆ ಸೂಲಿಬೆಲೆಯ ರಸ್ತೆಯಲ್ಲಿ ಕಾರುಗಳಷ್ಟೇ ಇಲ್ಲ. ಇದು ಹಿಪ್ಪುನೇರಳೆಯ ಸೀಮೆ. ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಶಿಡ್ಲಘಟ್ಟ, ಎರಡೂ ಗೂಡಿನ ಮಾರುಕಟ್ಟೆಗೆ ಹೆಸರಾದ ಊರುಗಳು. ಧೂಳು ಕೂತ ಸೊಪ್ಪನ್ನು ಹುಳಕ್ಕೆ ಹಾಕಬಾರದೆಂಬುದು ರೇಷ್ಮೆ ಸಾಕುವ ಪ್ರತಿ ಮನೆಗೂ ಗೊತ್ತು. ಜಲ್ಲಿ ಚಿಮ್ಮಿದರೆ ಕಾರಿಗೆ ಸಾಸಿವೆ ಕಾಳಿನಷ್ಟು ಗಾಯ, ಬೈಕಿನವರಿಗೆ ಕಣ್ಣೇ ಹೋಗಬಹುದು. ಅವರಿಗೆ ಹಾಳೆ ಅಂಟಿಸುವವರು ಯಾರು? ರಸ್ತೆ ಬದಿಯ ತೋಟದ ಎಲೆಗೆ ಯಾವ ಕಂಪನಿ ವಾರಂಟಿ ಕೊಡುತ್ತದೆ?

ಇದಕ್ಕೊಂದು ಅಗ್ಗದ ಹಾಳೆ ಮೊದಲಿನಿಂದಲೂ ಇದೆ. ಅದು ಟಾರ್ಪಾಲು. ಕಟ್ಟಡ ಸಾಮಗ್ರಿ ಸಾಗಿಸುವ ಗಾಡಿಗಳು ಹೊದಿಕೆಯಿಲ್ಲದೆ ಓಡಬಾರದು ಎಂಬ ಮಾತು ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಹೊರಡಿಸಿದ ಧೂಳು ನಿಯಂತ್ರಣದ ಅಧಿಸೂಚನೆಯಲ್ಲಿದೆ. ಕಲ್ಲಿನ ಮೇಲೆ ಒಂದು ಹೊದಿಕೆ ಹಾಕಿದರೆ, ಹಿಂದೆ ಬರುವ ನೂರು ಗಾಡಿಗಳಿಗೆ, ಬೈಕುಗಳಿಗೆ, ಸೊಪ್ಪಿಗೆ, ನಡೆದು ಹೋಗುವವರಿಗೆ ಒಟ್ಟಿಗೆ ಹೊದಿಕೆ ಹಾಕಿದಂತೆ. ಅದು ಪಾರದರ್ಶಕವಾಗಿರಬೇಕಿಲ್ಲ, ಹೊಳೆಯಬೇಕಿಲ್ಲ, ತನ್ನ ಗೀರನ್ನು ತಾನೇ ಕೂಡಿಸಿಕೊಳ್ಳಬೇಕಿಲ್ಲ. ಹರಿದರೆ ಹೊಲಿಯಬಹುದು.

ಕಲ್ಲನ್ನು ಮುಚ್ಚುವುದು ಬಿಟ್ಟು, ಕಲ್ಲು ಬೀಳಬಹುದಾದ ಒಂದೊಂದೇ ಕಾರನ್ನು ಮುಚ್ಚುತ್ತಾ ಹೋಗುವ ಕಾಲ ನಮ್ಮದು. ಮುಂದೆ ಯಾರಾದರೂ ಈ ಸೀಮೆಯ ಚರಿತ್ರೆ ಬರೆಯುವಾಗ ಅವರಿಗೆ ಕಿತ್ತೆಸೆದ ಹಾಳೆಗಳು ಸಿಗಬಹುದು. ಅದರ ಮೇಲಿನ ಏಟುಗಳನ್ನು ಎಣಿಸಿದರೆ ರಸ್ತೆಯಲ್ಲಿ ಎಷ್ಟು ಜಲ್ಲಿ ಉದುರಿತು ಎಂದು ತಿಳಿದೀತು. ಹಾಳೆ ಇಲ್ಲದವರ ಮೇಲೆ ಬಿದ್ದದ್ದರ ಲೆಕ್ಕ ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ಈಗಲೇ ಬರೆದಿಡಬೇಕು.